ಅಲರ್ಜಾಯ್ಡ್ ಚುಚ್ಚುಮದ್ದು: ಅಪಾಯ ತಗ್ಗಿಸುವಾಗ ಗುಣವೂ ತಗ್ಗುತ್ತದೆಯೇ?

ಹಾಸನದ ಅಧ್ಯಾಪಕ (ಚರ್ಚೆಯ ಆರಂಭ)

ಮಾನ್ಯರೇ, ನಾನು ಔಷಧ ವಿಜ್ಞಾನ ಕಲಿಸುವವನು. ಅಲರ್ಜಿಗೆ ಕೊಡುವ ಚುಚ್ಚುಮದ್ದಿನ ಚಿಕಿತ್ಸೆಯ ಪಾಠವನ್ನು ಸಿದ್ಧಪಡಿಸುವಾಗ ಹುಟ್ಟಿದ ಸಂಶಯವೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ.

1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಅವರು ಹುಲ್ಲಿನ ಪರಾಗದ ಸಾರವನ್ನು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಏರಿಸುತ್ತ ರೋಗಿಗಳಿಗೆ ಚುಚ್ಚಿದ ವಿವರವನ್ನು ಪ್ರಕಟಿಸಿದರು. ನೂರು ವರ್ಷ ದಾಟಿದರೂ ಚಿಕಿತ್ಸೆಯ ತಿರುಳು ಬದಲಾಗಿಲ್ಲ. ಯಾವ ಪದಾರ್ಥದಿಂದ ಸೀನು, ಮೂಗು ಸೋರಿಕೆ, ಉಬ್ಬಸ ಬರುತ್ತವೆಯೋ ಅದನ್ನೇ ಮೂರರಿಂದ ಐದು ವರ್ಷಗಳ ಕಾಲ ಕೊಡುತ್ತ ದೇಹವನ್ನು ಅದಕ್ಕೆ ಒಗ್ಗಿಸುತ್ತಾರೆ. ಅಪಾಯವಿರುವುದೂ ಅಲ್ಲಿಯೇ, ಏಕೆಂದರೆ ಒಗ್ಗಿಸಲೆಂದು ಕೊಟ್ಟ ಮದ್ದೇ ಕೆಲವೊಮ್ಮೆ ಮೈತುಂಬ ಗಂದೆ ಎಬ್ಬಿಸಿ, ಉಸಿರುಗಟ್ಟಿಸಿ, ರಕ್ತದೊತ್ತಡವನ್ನು ಕುಸಿಯುವಂತೆ ಮಾಡಬಲ್ಲದು. ಈ ಅಪಾಯವನ್ನು ತಗ್ಗಿಸಲು ಅಲರ್ಜಿಕಾರಕ ಪ್ರೋಟೀನುಗಳನ್ನು ಫಾರ್ಮಾಲ್ಡಿಹೈಡ್ ಅಥವಾ ಗ್ಲುಟರಾಲ್ಡಿಹೈಡ್‌ನಿಂದ ಮಾರ್ಪಡಿಸಿ ತಯಾರಿಸುವ ಔಷಧಗಳನ್ನು ಅಲರ್ಜಾಯ್ಡ್ ಎನ್ನುತ್ತಾರೆ. ಅಲರ್ಜಿಗೆ ಮೂಲವಾದ ಐಜಿಇ ಪ್ರತಿಕಾಯವು ಇವನ್ನು ಬಹಳ ಕಡಿಮೆ ಹಿಡಿಯುತ್ತದೆ ಎಂಬುದು ಇವುಗಳ ಹೆಗ್ಗಳಿಕೆ.

ನನ್ನ ಪ್ರಶ್ನೆ ಸರಳವಾದುದು. ಐಜಿಇ ನೂರು ಪಟ್ಟು ಕಡಿಮೆ ಹಿಡಿಯುವಂತೆ ಮಾರ್ಪಡಿಸಿದ ಮದ್ದಿಗೂ, ಮೂಲ ಸಾರಕ್ಕೆ ನೂರು ಪಟ್ಟು ನೀರು ಬೆರೆಸಿದ ಮದ್ದಿಗೂ ವ್ಯತ್ಯಾಸವೇನು? ಎರಡೂ ಸುರಕ್ಷಿತವೇ. ಹಾಗಾದರೆ ಮೊದಲನೆಯದಕ್ಕೆ ಇಷ್ಟೊಂದು ರಸಾಯನಶಾಸ್ತ್ರ ಏಕೆ ಬೇಕು?

ಜೀವರಸಾಯನ

ಅಧ್ಯಾಪಕರೇ, ಪ್ರಶ್ನೆ ಸರಳವಾಗಿ ಕಂಡರೂ ಈ ಕ್ಷೇತ್ರದ ಐವತ್ತು ವರ್ಷಗಳ ವಾದವೆಲ್ಲ ಅದರೊಳಗಿದೆ. ನಾನು ಪ್ರೋಟೀನುಗಳ ರಚನೆಯ ಮೇಲೆ ಕೆಲಸ ಮಾಡುವವನಾದ್ದರಿಂದ ಆ ಬದಿಯಿಂದ ಉತ್ತರಿಸುತ್ತೇನೆ.

ಒಂದೇ ಅಲರ್ಜಿಕಾರಕ ಪ್ರೋಟೀನನ್ನು ನಮ್ಮ ದೇಹ ಎರಡು ಬೇರೆ ಬೇರೆ ರೀತಿಗಳಲ್ಲಿ ಗುರುತಿಸುತ್ತದೆ. ಚರ್ಮ, ಮೂಗು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳ ಮೈಮೇಲೆ ಕುಳಿತಿರುವ ಐಜಿಇ ಪ್ರತಿಕಾಯಗಳು ಬಹುಮಟ್ಟಿಗೆ ಪ್ರೋಟೀನಿನ ಆಕಾರವನ್ನು ಗುರುತಿಸುತ್ತವೆ. ಪ್ರೋಟೀನಿನ ಸರಪಳಿ ಮಡಚಿಕೊಂಡಾಗ ಹೊರಮೈಯಲ್ಲಿ ಮೂಡುವ ಉಬ್ಬುತಗ್ಗುಗಳೇ ಅವು ಹಿಡಿಯುವ ತಾಣಗಳು. ಒಂದು ಅಣು ಏಕಕಾಲದಲ್ಲಿ ಎರಡು ಐಜಿಇಗಳನ್ನು ಸೇತುವೆಯಂತೆ ಜೋಡಿಸಿದಾಗ ಮಾತ್ರ ಮಾಸ್ಟ್ ಕೋಶವು ಅಲರ್ಜಿಯ ಲಕ್ಷಣಗಳನ್ನು ಹುಟ್ಟಿಸುವ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ, ಮತ್ತು ನಿಮಿಷಗಳಲ್ಲಿ ಪ್ರತಿಕ್ರಿಯೆ ಆರಂಭವಾಗುತ್ತದೆ. ಆದರೆ ದೇಹವನ್ನು ಒಗ್ಗಿಸುವ ಕೆಲಸದ ಸೂತ್ರ ರೋಗನಿರೋಧಕ ವ್ಯವಸ್ಥೆಯನ್ನು ನಿಯಂತ್ರಿಸುವ ಬಿಳಿ ರಕ್ತಕಣಗಳಾದ ಟಿ ಕೋಶಗಳ ಕೈಯಲ್ಲಿದೆ, ಅವು ಆಕಾರವನ್ನು ನೋಡುವುದೇ ಇಲ್ಲ. ಡೆಂಡ್ರಿಟಿಕ್ ಕೋಶವು ಪ್ರೋಟೀನನ್ನು ನುಂಗಿ, ಸುಮಾರು ಹದಿನೈದು ಇಪ್ಪತ್ತು ಅಮೈನೋ ಆಮ್ಲಗಳ ತುಣುಕುಗಳಾಗಿ ಕತ್ತರಿಸಿ ತೋರಿಸಿದ ಮೇಲೆ ಟಿ ಕೋಶ ಆ ತುಣುಕಿನ ಅಕ್ಷರಕ್ರಮವನ್ನು ಓದುತ್ತದೆ.

ಅಂದಮೇಲೆ ಆಕಾರವನ್ನು ಕೆಡಿಸಿ ಅಕ್ಷರಕ್ರಮವನ್ನು ಉಳಿಸಿದರೆ ಅಪಾಯವನ್ನು ಬೋಧನೆಯಿಂದ, ಅಂದರೆ ಟಿ ಕೋಶಗಳಿಗೆ ಒಗ್ಗುವ ಪಾಠ ಕಲಿಸುವ ಕೆಲಸದಿಂದ, ಬೇರ್ಪಡಿಸಬಹುದು. ನೀರು ಬೆರೆಸಿದಾಗ ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ. ಮಾರ್ಪಾಟಿನಲ್ಲಿ ಐಜಿಇ ಹಿಡಿತ ಹೆಚ್ಚು ಕಡಿಮೆಯಾಗಿ, ಟಿ ಕೋಶಗಳಿಗೆ ತಲುಪುವ ಪಾಠ ಅಷ್ಟಾಗಿ ಕಡಿಮೆಯಾಗಬಾರದು. ಇದು ಅದರ ಹಿಂದಿರುವ ತರ್ಕ.

ಈ ಆಲೋಚನೆ ಆಕಾಶದಿಂದ ಉದುರಿದ್ದಲ್ಲ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ತೋ ರಾಮೋನ್ ಅವರು ಡಿಫ್ತೀರಿಯಾ ರೋಗಾಣುವಿನ ನಂಜನ್ನು ಫಾರ್ಮಾಲ್ಡಿಹೈಡ್‌ನ ದ್ರಾವಣವಾದ ಫಾರ್ಮಾಲಿನ್‌ನಲ್ಲಿಟ್ಟು, ನಂಜುಗುಣ ಹೋಗಿ ರೋಗನಿರೋಧ ಹುಟ್ಟಿಸುವ ಗುಣ ಉಳಿಯುವಂತೆ ಮಾಡಿದ್ದರು. ಅದೇ ದಾರಿಯಲ್ಲಿ 1970ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್‌ನ ಡೇವಿಡ್ ಮಾರ್ಷ್, ಲಾರೆನ್ಸ್ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು ರೈ ಹುಲ್ಲಿನ ಪರಾಗದ ಮುಖ್ಯ ಪ್ರೋಟೀನನ್ನು ಫಾರ್ಮಾಲ್ಡಿಹೈಡ್‌ನಿಂದ ಮಾರ್ಪಡಿಸಿ, ಅಲರ್ಜಾಯ್ಡ್ ಎಂಬ ಹೆಸರನ್ನೂ ಕೊಟ್ಟರು. ಫಾರ್ಮಾಲ್ಡಿಹೈಡ್ ಮತ್ತು ಗ್ಲುಟರಾಲ್ಡಿಹೈಡ್ ಎರಡೂ ಮುಖ್ಯವಾಗಿ ಪ್ರೋಟೀನಿನಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲದ ತುದಿಯನ್ನು ಹಿಡಿದು, ಒಂದೇ ಅಣುವಿನೊಳಗೆ ಅಥವಾ ಅಣು ಅಣುಗಳ ನಡುವೆ ಬೆಸುಗೆ ಹಾಕುತ್ತವೆ. ಗ್ಲುಟರಾಲ್ಡಿಹೈಡ್ ಹಾಕಿದಾಗ ಹತ್ತಾರು ಅಣುಗಳು ಕೂಡಿ ದೊಡ್ಡ ಗಂಟುಗಳಾಗುತ್ತವೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಾಯ್ ಪ್ಯಾಟರ್ಸನ್ ಅವರು ಎಪ್ಪತ್ತರ ದಶಕದಲ್ಲಿ ರಾಗ್‌ವೀಡ್ ಕಳೆಯ ಪರಾಗದ ಮೇಲೆ ಈ ಮಾರ್ಗವನ್ನು ಬೆಳೆಸಿದರು. ಅಣುಗಳು ಗಂಟಾದಾಗ ಅನೇಕ ತಾಣಗಳು ಒಳಗೆ ಹೂತುಹೋಗುತ್ತವೆ, ಜೊತೆಗೆ ಅದೇ ತೂಕದ ಪ್ರೋಟೀನಿನಲ್ಲಿ ಬಿಡಿ ಕಣಗಳ ಸಂಖ್ಯೆಯೂ ಇಳಿಯುತ್ತದೆ.

ಸಂಶಯಿ

ಜೀವರಸಾಯನ ಅವರ ವಿವರಣೆ ಚೊಕ್ಕವಾಗಿದೆ, ನನಗೆ ಅನುಮಾನ ಬರುವುದೂ ಅದರ ಚೊಕ್ಕತನದಿಂದಲೇ. ಸುರಕ್ಷತೆಯೊಂದನ್ನೇ ನೋಡಿ ಚಿಕಿತ್ಸೆಯನ್ನು ಮೆಚ್ಚಿಕೊಂಡು ಈ ಕ್ಷೇತ್ರ ಹಿಂದೆ ಒಮ್ಮೆ ಕೆಟ್ಟಿದೆ. ಜೇನುನೊಣ, ಕಣಜಗಳ ಕಡಿತಕ್ಕೆ ತೀವ್ರ ಅಲರ್ಜಿ ಇದ್ದವರಿಗೆ ದಶಕಗಳ ಕಾಲ ಇಡೀ ಕೀಟವನ್ನು ಅರೆದು ತೆಗೆದ ಸಾರವನ್ನು ಚುಚ್ಚುತ್ತಿದ್ದರು. ಅದರಿಂದ ತೊಂದರೆಗಳು ಕಡಿಮೆ ಎಂಬ ಸಮಾಧಾನವಿತ್ತು. 1978ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿಯೇ, ಅದೇ ಲಿಕ್ಟೆನ್‌ಸ್ಟೈನ್ ಅವರಿದ್ದ ತಂಡ, ಶುದ್ಧ ಕೀಟವಿಷ, ಇಡೀ ಕೀಟದ ಸಾರ ಮತ್ತು ಔಷಧವೇ ಇಲ್ಲದ ಹುಸಿಮದ್ದು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿತು. ವಿಷದ ಚುಚ್ಚುಮದ್ದು ಪಡೆದವರು ರಕ್ಷಣೆ ಪಡೆದರು. ಇಡೀ ಕೀಟದ ಸಾರ ಹುಸಿಮದ್ದಿಗಿಂತ ಮೇಲಾಗಿರಲಿಲ್ಲ. ಅದರಲ್ಲಿ ವಿಷವೇ ಅತ್ಯಲ್ಪವಾಗಿದ್ದರಿಂದ ಅದು ಸುರಕ್ಷಿತವಾಗಿತ್ತು, ನಿಷ್ಪ್ರಯೋಜಕವಾಗಿದ್ದುದೂ ಅದೇ ಕಾರಣಕ್ಕೆ.

ಆದ್ದರಿಂದ ಅಲರ್ಜಾಯ್ಡ್‌ನ ಬಗ್ಗೆ ಐಜಿಇ ಹಿಡಿತ ಇಷ್ಟು ಪಟ್ಟು ಇಳಿದಿದೆ ಎಂಬ ಅಂಕಿಯನ್ನು ತೋರಿಸಿದರೆ ನನಗೆ ಸಾಲದು. ಅದೇ ಪ್ರಮಾಣದಲ್ಲಿ ಟಿ ಕೋಶಗಳ ಪ್ರತಿಕ್ರಿಯೆ ಎಷ್ಟು ಉಳಿದಿದೆ, ರೋಗಿಯ ರಕ್ತದಲ್ಲಿ ರಕ್ಷಕ ಐಜಿಜಿ4 ಪ್ರತಿಕಾಯ ಎಷ್ಟು ಏರಿದೆ, ಪರಾಗದ ಋತುವಿನಲ್ಲಿ ಅವನ ಲಕ್ಷಣಗಳೂ ಮಾತ್ರೆಗಳೂ ಎಷ್ಟು ತಗ್ಗಿವೆ ಎಂಬುದನ್ನು ಒಟ್ಟಿಗೆ ತೋರಿಸಬೇಕು. ನೀರು ಬೆರೆಸುವ ಹೋಲಿಕೆಯನ್ನು ಅಧ್ಯಾಪಕರು ಎತ್ತಿದ್ದು ಸರಿಯಾಗಿಯೇ ಇದೆ.

ಕಿವಿಮೂಗುಗಂಟಲು

ದಾವಣಗೆರೆಯಲ್ಲಿ ವೈದ್ಯವೃತ್ತಿಯಲ್ಲಿರುವ ನಾನು ಅಪಾಯದ ಗಾತ್ರದ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಅದನ್ನು ತಿಳಿಯದೆ ಸುರಕ್ಷತೆಯ ಬೆಲೆ ಕಟ್ಟಲಾಗದು.

1986ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು, 1957ರಿಂದ ಅಲ್ಲಿಯವರೆಗೆ ಈ ಚಿಕಿತ್ಸೆಗೆ ಸಂಬಂಧಿಸಿದ 26 ಸಾವುಗಳು ವರದಿಯಾಗಿವೆ ಎಂದು ಎಚ್ಚರಿಸಿ, ಚುಚ್ಚುಮದ್ದಿನ ನಂತರ ರೋಗಿಯನ್ನು ಎರಡು ಗಂಟೆ ಉಳಿಸಿಕೊಳ್ಳಬೇಕು ಮತ್ತು ಜೀವ ಉಳಿಸುವ ಸಲಕರಣೆಗಳಿರುವ ಕಡೆ ಮಾತ್ರ ಕೊಡಬೇಕು ಎಂದು ಸೂಚಿಸಿತು. ಪರಿಣಾಮವಾಗಿ ಆ ದೇಶದಲ್ಲಿ ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳಿಂದ ಈ ಚಿಕಿತ್ಸೆ ಬಹುತೇಕ ಮರೆಯಾಯಿತು. ಅಮೆರಿಕದಲ್ಲಿ 1990ರಿಂದ 2001ರವರೆಗಿನ ಸಮೀಕ್ಷೆಯ ಅಂದಾಜು ಸುಮಾರು 25 ಲಕ್ಷ ಚುಚ್ಚುಮದ್ದುಗಳಿಗೆ ಒಂದು ಸಾವು. ಅಪರೂಪವೆಂಬುದು ನಿಜ. ಆದರೆ ಸೀನು ಬರುತ್ತದೆಂದು ನಡೆದುಕೊಂಡು ಬಂದವರಿಗೆ ಕೊಡುವ ಮದ್ದು ಇದು, ಆದ್ದರಿಂದ ಅಷ್ಟು ಅಪರೂಪದ ಸಾವನ್ನೂ ವೈದ್ಯನು ಹಗುರವಾಗಿ ಕಾಣಲಾರ.

ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಹಿನ್ನೆಲೆ ಹತೋಟಿಯಲ್ಲಿಲ್ಲದ ಉಬ್ಬಸ. ಪ್ರಮಾಣದಲ್ಲಾಗುವ ತಪ್ಪು ಇನ್ನೊಂದು ಕಾರಣ. ಇವೆರಡನ್ನೂ ಯಾವ ರಾಸಾಯನಿಕ ಮಾರ್ಪಾಟೂ ಪೂರ್ತಿ ನಿವಾರಿಸದು, ಆದರೂ ತಪ್ಪು ನಡೆದಾಗ ಬೀಳುವ ಪೆಟ್ಟನ್ನು ಮಾರ್ಪಾಟು ಮೆದುವಾಗಿಸಬಹುದು.

ರೈನ್ ತೀರದವಳು

ನಾನು ಧಾರವಾಡದವಳು. ಬಹಳ ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ, ಔಷಧಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಬರ್ಚ್ ಮರ, ಹುಲ್ಲು ಮತ್ತು ಧೂಳುನುಸಿಯ ಅಲರ್ಜಾಯ್ಡ್‌ಗಳು ದಿನನಿತ್ಯದ ಔಷಧಗಳು. ಫಾರ್ಮಾಲ್ಡಿಹೈಡ್‌ನಿಂದ ಮಾರ್ಪಡಿಸಿ ಅಲ್ಯುಮಿನಿಯಂ ಹೈಡ್ರಾಕ್ಸೈಡ್‌ಗೆ ಅಂಟಿಸಿದ ಅಲರ್ಗೊವಿಟ್, ಗ್ಲುಟರಾಲ್ಡಿಹೈಡ್ ಬಳಸಿದ ಪ್ಯೂರೆಥಾಲ್, ಮೊದಲು ಬಣ್ಣದ ಸಣ್ಣ ಅಣುಗಳನ್ನು ತೆಗೆದು ಆಮೇಲೆ ಬೆಸೆದ ಡೆಪಿಗಾಯ್ಡ್, ಹೀಗೆ ಹಲವು ಬಗೆಗಳಿವೆ. ಬ್ರಿಟನ್ನಿನ ಪೊಲಿನೆಕ್ಸ್ ಸರಣಿಯಲ್ಲಿ ಅಲ್ಯುಮಿನಿಯಂ ಬದಲಿಗೆ ಟೈರೊಸೀನ್ ಎಂಬ ಅಮೈನೋ ಆಮ್ಲದ ಹರಳುಗಳಿರುತ್ತವೆ, ಅವು ಕೆಲವು ದಿನಗಳಲ್ಲಿ ದೇಹದಲ್ಲಿ ಕರಗಿಹೋಗುತ್ತವೆ. ಅದರ ಒಂದು ರೂಪಕ್ಕೆ ರೋಗನಿರೋಧಕ ವ್ಯವಸ್ಥೆಯನ್ನು ಬಡಿದೆಬ್ಬಿಸುವ ಎಂಪಿಎಲ್ ಎಂಬ ಕೊಬ್ಬಿನ ಅಣುವನ್ನೂ ಸೇರಿಸಿ, ಪರಾಗದ ಋತುವಿಗೆ ಮೊದಲು ನಾಲ್ಕೇ ಚುಚ್ಚುಮದ್ದುಗಳಲ್ಲಿ ಮುಗಿಸುತ್ತಾರೆ.

ರೋಗಿಗಳ ದೃಷ್ಟಿಯಿಂದ ಹೇಳುವುದಾದರೆ ಅವರಿಗೆ ಕಾಣುವ ಲಾಭ ಇದೇ. ಮಾರ್ಪಡಿಸದ ಸಾರವನ್ನು ವಾರಕ್ಕೊಮ್ಮೆ ಏರಿಸುತ್ತ ಪೂರ್ಣ ಪ್ರಮಾಣ ಮುಟ್ಟಲು ಮೂರು ನಾಲ್ಕು ತಿಂಗಳು ಹಿಡಿಯಬಹುದು, ಅಷ್ಟರೊಳಗೆ ಅನೇಕರು ಬರುವುದನ್ನೇ ಬಿಡುತ್ತಾರೆ. ಅಲರ್ಜಾಯ್ಡ್‌ನಲ್ಲಿ ಏರಿಕೆಯ ಮೆಟ್ಟಿಲುಗಳು ಕಡಿಮೆ. ಮೂರು ವರ್ಷ ಬಿಡದೆ ಪಡೆದರೆ ಮಾತ್ರ ದೀರ್ಘಕಾಲ ಬಾಳುವ ಫಲ ಕೊಡುವ ಚಿಕಿತ್ಸೆಯಲ್ಲಿ ಇದನ್ನು ಬರಿಯ ಅನುಕೂಲ ಎಂದು ತಳ್ಳಿಹಾಕಬಾರದು.

ಒಂದು ಕಿರಿಕಿರಿಯನ್ನೂ ಹೇಳುತ್ತೇನೆ. ಒಂದು ಸೀಸೆಯ ಮೇಲೆ ಒಂದು ಬಗೆಯ ಏಕಮಾನ, ಇನ್ನೊಂದರ ಮೇಲೆ ಮತ್ತೊಂದು ಬಗೆಯದು. ಇವುಗಳಲ್ಲಿ ಯಾವುದು ಪ್ರಬಲ ಎಂದು ಯಾರಾದರೂ ಕೇಳಿದರೆ ಸೀಸೆ ನೋಡಿ ಉತ್ತರ ಹೇಳಲು ಸಾಧ್ಯವೇ ಇಲ್ಲ.

ಜೀವರಸಾಯನ

ಆ ಕಿರಿಕಿರಿಯ ಮೂಲ ಮಾರ್ಪಾಟಿನಲ್ಲಿಯೇ ಇದೆ, ಮತ್ತು ಸಂಶಯಿ ಅವರ ಆಕ್ಷೇಪಕ್ಕೂ ಅದಕ್ಕೂ ನೇರ ಸಂಬಂಧವಿದೆ. ಮಾರ್ಪಡಿಸದ ಸಾರದ ಬಲವನ್ನು ಅಳೆಯುವುದು ಅದು ಐಜಿಇಯನ್ನು ಎಷ್ಟು ಹಿಡಿಯುತ್ತದೆ ಎಂಬುದರಿಂದ. ಜೊತೆಗೆ ಮುಖ್ಯ ಅಲರ್ಜಿಕಾರಕ ಎಷ್ಟು ಮೈಕ್ರೊಗ್ರಾಂ ಇದೆ ಎಂಬುದನ್ನು ಪ್ರತಿಕಾಯಗಳಿಂದ ಅಳೆಯುತ್ತಾರೆ. ಪೂರ್ಣ ಪ್ರಮಾಣದ ಪ್ರತಿ ಚುಚ್ಚುಮದ್ದಿನಲ್ಲಿ 5ರಿಂದ 20 ಮೈಕ್ರೊಗ್ರಾಂ ಇರಬೇಕೆಂಬ ಪ್ರಸಿದ್ಧ ಅಂದಾಜು ಈ ಅಳತೆಯಿಂದ ಬಂದದ್ದು. ಅಲರ್ಜಾಯ್ಡ್‌ನಲ್ಲಿ ನಾವು ಬೇಕೆಂದೇ ಆ ಹಿಡಿತವನ್ನು ಕೆಡಿಸಿರುತ್ತೇವೆ, ಪ್ರತಿಕಾಯ ಗುರುತಿಸುವ ಆಕಾರವೂ ಹೋಗಿರುತ್ತದೆ. ತೂಗಬೇಕಾದ ತಕ್ಕಡಿಯನ್ನೇ ಮುರಿದು ಹಾಕಿದಂತಾಗಿದೆ. ಆದ್ದರಿಂದ ತಯಾರಕರು ಮಾರ್ಪಾಟಿಗೆ ಮೊದಲಿನ ಸಾರವನ್ನು ಅಳೆದು, ಮಾರ್ಪಾಟಾದ ಮೇಲೆ ಐಜಿಇ ಹಿಡಿತ ಎಷ್ಟು ಇಳಿಯಿತು, ಅಣುಗಳ ಗಾತ್ರ ಎಷ್ಟಾಯಿತು ಎಂದು ನೋಡಿ, ತಮ್ಮದೇ ಏಕಮಾನದಲ್ಲಿ ಬಲವನ್ನು ನಮೂದಿಸುತ್ತಾರೆ. ಒಬ್ಬರ ಏಕಮಾನ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಅಮೆರಿಕದ ಔಷಧ ನಿಯಂತ್ರಕರು ಇಂದಿಗೂ ಯಾವುದೇ ಅಲರ್ಜಾಯ್ಡ್‌ಗೆ ಪರವಾನಗಿ ಕೊಟ್ಟಿಲ್ಲ. ಹುಟ್ಟಿದ್ದು ಬಾಲ್ಟಿಮೋರಿನಲ್ಲಿ, ಬೆಳೆದದ್ದು ಯುರೋಪಿನಲ್ಲಿ.

ಇನ್ನು ಬೋಧನೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ. ಸಂಶಯಿ ಅವರು ಅಂಜುವುದಕ್ಕೆ ಆಧಾರವಿದೆ. ಡೆನ್ಮಾರ್ಕಿನ ಎಎಲ್‌ಕೆ ಕಂಪನಿಯ ವಿಜ್ಞಾನಿಗಳು 2007ರಲ್ಲಿ ಬರ್ಚ್ ಪರಾಗದ ಮಾರ್ಪಡಿಸದ ಸಾರವನ್ನೂ ಮಾರುಕಟ್ಟೆಯ ಅಲರ್ಜಾಯ್ಡ್‌ಗಳನ್ನೂ ಪ್ರಯೋಗಾಲಯದಲ್ಲಿ ಹೋಲಿಸಿ, ಅಲರ್ಜಾಯ್ಡ್‌ಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಹುಟ್ಟಿಸುವ ಗುಣವೂ ಕುಗ್ಗಿದೆ ಎಂದು ವರದಿ ಮಾಡಿದರು. ಆ ಕಂಪನಿ ಮಾರುವುದು ಮಾರ್ಪಡಿಸದ ಸಾರವನ್ನೇ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆದರೂ ಆ ಫಲಿತಾಂಶವನ್ನು ಅಷ್ಟಕ್ಕೇ ಬದಿಗಿಡಲಾಗದು. ಲೈಸೀನ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೆಸುಗೆ ಬೀಳುವುದರಿಂದ, ಟಿ ಕೋಶ ಓದುವ ತುಣುಕಿನ ನಡುವೆ ಲೈಸೀನ್ ಇದ್ದರೆ ಆ ಅಕ್ಷರವೂ ಕೆಡುತ್ತದೆ. ಲೈಸೀನ್ ವಿರಳವಾಗಿರುವ ಪ್ರೋಟೀನು ಸರಿಯಾಗಿ ಮಾರ್ಪಾಟಾಗದೆ ಹಳೆಯ ಅಪಾಯವನ್ನು ಉಳಿಸಿಕೊಳ್ಳುವ ಸಾಧ್ಯತೆಯೂ ಇದೆ. ಒಂದೇ ಪರಾಗದ ಸಾರದಲ್ಲಿ ಹಲವು ಪ್ರೋಟೀನುಗಳಿರುವುದರಿಂದ ಎಲ್ಲಕ್ಕೂ ಒಂದೇ ಮಾತು ಅನ್ವಯಿಸದು.

ಇದನ್ನೆಲ್ಲ ದಾಟಲು ಬೇರೆ ದಾರಿಗಳನ್ನೂ ಹುಡುಕಿದ್ದಾರೆ. ಮಿಲಾನಿನ ಲೋಫಾರ್ಮಾ ಕಂಪನಿ ಪೊಟ್ಯಾಸಿಯಂ ಸಯನೇಟ್ ಬಳಸಿ ಲೈಸೀನ್ ತುದಿಗಳನ್ನು ಮುಚ್ಚುತ್ತದೆ. ಬೆಸುಗೆಯಿಲ್ಲದ್ದರಿಂದ ಅಣು ಬಿಡಿಯಾಗಿಯೇ, ಮೊದಲಿನ ಗಾತ್ರದಲ್ಲೇ ಉಳಿಯುತ್ತದೆ. ಅದಕ್ಕಾಗಿಯೇ ಅದನ್ನು ನಾಲಗೆಯ ಕೆಳಗಿಡುವ ಮಾತ್ರೆಯಾಗಿ ಕೊಡಲಾಗುತ್ತದೆ. ಸ್ಪೇನಿನಲ್ಲಿ ಇನ್ಮ್ಯುನೊಟೆಕ್ ಮತ್ತು ಮ್ಯಾಡ್ರಿಡ್ಡಿನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದ ತಂಡಗಳು ಯೀಸ್ಟಿನಿಂದ ಬರುವ ಮನ್ನಾನ್ ಎಂಬ ಸಕ್ಕರೆ ಸರಪಳಿಯನ್ನು ಅಲರ್ಜಾಯ್ಡ್‌ಗೆ ಜೋಡಿಸುತ್ತಿವೆ. ಡೆಂಡ್ರಿಟಿಕ್ ಕೋಶಗಳ ಮೈಮೇಲೆ ಆ ಸಕ್ಕರೆಯನ್ನು ಹಿಡಿಯುವ ಗ್ರಾಹಕಗಳಿರುವುದರಿಂದ ಮದ್ದು ಹೆಚ್ಚು ಪ್ರಮಾಣದಲ್ಲಿ ಒಳಗೆ ಹೋಗುತ್ತದೆ. ನನ್ನ ಮಟ್ಟಿಗೆ ಅಧ್ಯಾಪಕರ ಪ್ರಶ್ನೆಗೆ ಅತ್ಯುತ್ತಮ ಉತ್ತರ ಈ ಕೆಲಸದಲ್ಲಿದೆ. ಅಪಾಯವನ್ನು ಇಳಿಸುವುದರ ಜೊತೆಗೆ ಬೋಧನೆಯನ್ನು ಏರಿಸುವ ಪ್ರಯತ್ನವನ್ನು ನೀರು ಬೆರೆಸುವುದಕ್ಕೆ ಯಾರೂ ಹೋಲಿಸಲಾರರು.

ಮಂಡ್ಯದ ತಾಯಿ

ಹಿರಿಯರೇ, ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಮಗನಿಗೆ ಧೂಳುನುಸಿಯ ಅಲರ್ಜಿ ಇದೆ. ಫಾರ್ಮಾಲಿನ್ ಎಂದರೆ ಹೆಣ ಕೆಡದಂತೆ ಇಡುವ ದ್ರವವಲ್ಲವೇ? ಮೀನಿಗೆ ಹಾಕಿ ಮಾರುತ್ತಾರೆಂದು ಸುದ್ದಿಯಾದದ್ದೂ ಅದೇ ಅಲ್ಲವೇ? ಅದರಿಂದ ಮಾಡಿದ ಮದ್ದನ್ನು ಮಗುವಿಗೆ ಚುಚ್ಚುವುದು ಸರಿಯೇ?

ಕಿವಿಮೂಗುಗಂಟಲು

ಅಮ್ಮಾ, ನಿಮ್ಮ ಅಂಜಿಕೆ ಸಹಜವಾದುದು. ಆದರೆ ನಿಮ್ಮ ಮಗನಿಗೆ ಕೂಸಾಗಿದ್ದಾಗ ಹಾಕಿಸಿದ ಡಿಪಿಟಿ ಲಸಿಕೆಯ ಡಿಫ್ತೀರಿಯಾ ಮತ್ತು ಧನುರ್ವಾಯು ಭಾಗಗಳು ತಯಾರಾಗುವುದು ಇದೇ ಫಾರ್ಮಾಲ್ಡಿಹೈಡ್‌ನಿಂದ. ಅದು ಪ್ರೋಟೀನಿನ ಜೊತೆ ಕೂಡಿ ಬೇರೆಯೇ ಬಂಧವಾಗಿಬಿಡುತ್ತದೆ, ಕೂಡದೆ ಉಳಿದದ್ದರಲ್ಲಿ ಬಹುಪಾಲನ್ನು ತಯಾರಿಕೆಯಲ್ಲಿ ಸೋಸಿ ತೆಗೆಯುತ್ತಾರೆ. ನಮ್ಮೆಲ್ಲರ ರಕ್ತದಲ್ಲಿಯೂ ದೇಹವೇ ಉತ್ಪಾದಿಸುವ ಫಾರ್ಮಾಲ್ಡಿಹೈಡ್ ಸ್ವಲ್ಪ ಪ್ರಮಾಣದಲ್ಲಿ ಸದಾ ಇರುತ್ತದೆ. ನಮ್ಮಲ್ಲಿ ಅಲರ್ಜಿ ಚುಚ್ಚುಮದ್ದಾಗಿ ಸಾಮಾನ್ಯವಾಗಿ ಬಳಸುವುದು ಮಾರ್ಪಡಿಸದ ಸಾರಗಳನ್ನು, ಆದ್ದರಿಂದ ನಿಮ್ಮ ವೈದ್ಯರು ಏನನ್ನು ಕೊಡಲಿದ್ದಾರೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಹುಡುಗನಿಗೆ ಉಬ್ಬಸವಿದ್ದರೆ ಅದು ಹತೋಟಿಗೆ ಬಂದ ಮೇಲೆ ಮಾತ್ರ ಆರಂಭಿಸಬೇಕು.

ಸಸ್ಯಪ್ರಿಯ

ಚರ್ಚೆಯಲ್ಲಿ ರಾಗ್‌ವೀಡ್ ಹೆಸರು ಬಂದದ್ದರಿಂದ ನಮ್ಮ ನೆಲದ ಸಂಗತಿಯೊಂದನ್ನು ಹೇಳಬೇಕೆನಿಸಿತು. ರಾಗ್‌ವೀಡ್ ನಮ್ಮ ಕಾಂಗ್ರೆಸ್ ಹುಲ್ಲಿನ, ಅಂದರೆ ಪಾರ್ಥೇನಿಯಂನ, ಹತ್ತಿರದ ಬಂಧು. ಐವತ್ತರ ದಶಕದಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟ ಈ ಕಳೆ ಬೆಂಗಳೂರಿನ ಖಾಲಿ ನಿವೇಶನಗಳನ್ನೆಲ್ಲ ಆವರಿಸಿದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಪಿ. ಶ್ರೀರಾಮರಾವ್ ಮೊದಲಾದವರು ಅದರ ಪರಾಗದಿಂದ ಬರುವ ಮೂಗಿನ ಅಲರ್ಜಿಯನ್ನು ಅಧ್ಯಯನ ಮಾಡಿದರು. ಪಾರ್ಥೇನಿಯಂ ಮತ್ತು ರಾಗ್‌ವೀಡ್ ಪರಾಗಗಳ ಅಲರ್ಜಿಕಾರಕಗಳು ಒಂದನ್ನೊಂದು ಹೋಲುತ್ತವೆ, ಒಂದಕ್ಕೆ ಹುಟ್ಟಿದ ಐಜಿಇ ಮತ್ತೊಂದನ್ನೂ ಹಿಡಿಯುತ್ತದೆ ಎಂಬುದನ್ನು ಅವರು ತೊಂಬತ್ತರ ದಶಕದ ಆರಂಭದಲ್ಲಿ ತೋರಿಸಿದರು. ಹಾಗಿರುವಾಗ ರಾಗ್‌ವೀಡ್‌ಗಾಗಿ ಬೆಳೆದ ಅಲರ್ಜಾಯ್ಡ್ ವಿದ್ಯೆಯನ್ನು ಪಾರ್ಥೇನಿಯಂ ಪರಾಗದ ಮೇಲೆ ಪ್ರಯೋಗಿಸಬಾರದೇಕೆ?

ಜೀವರಸಾಯನ

ಪ್ರಯೋಗಿಸಬಹುದು, ಆದರೆ ಒಂದು ಎಚ್ಚರಿಕೆಯೊಂದಿಗೆ. ಪಾರ್ಥೇನಿಯಂನಿಂದ ಬರುವ ತೊಂದರೆಗಳು ಎರಡು. ಪರಾಗದ ಪ್ರೋಟೀನುಗಳಿಂದ ಬರುವ ಸೀನು, ನೆಗಡಿ, ಉಬ್ಬಸಗಳು ಐಜಿಇಯ ಕೆಲಸ. ರೈತರ ಮುಖ, ಕತ್ತು, ತೋಳುಗಳಲ್ಲಿ ಕಾಣುವ ತುರಿಕೆಯ ಚರ್ಮರೋಗಕ್ಕೆ ಕಾರಣ ಪಾರ್ಥೇನಿನ್ ಮೊದಲಾದ ಸಣ್ಣ ಅಣುಗಳು, ಅದು ಟಿ ಕೋಶಗಳಿಂದಲೇ ನಿಧಾನವಾಗಿ ನಡೆಯುವ ಪ್ರತಿಕ್ರಿಯೆ. ಐಜಿಇ ಹಿಡಿತವನ್ನು ತಪ್ಪಿಸಿ ಟಿ ಕೋಶಕ್ಕೆ ಪಾಠ ಹೇಳುವ ಅಲರ್ಜಾಯ್ಡ್ ಮೊದಲನೆಯದಕ್ಕಾಗಿ ರೂಪಿಸಿದ ಮದ್ದು. ಎರಡನೆಯದಕ್ಕೆ ಅದನ್ನು ಹಿಗ್ಗಿಸಲಾಗದು. ಎರಡೂ ಇರುವ ರೋಗಿಯ ವಿಷಯದಲ್ಲಿ ಇನ್ನಷ್ಟು ಜಾಗರೂಕತೆ ಬೇಕು, ಪರಾಗದ ಸಾರದಲ್ಲಿ ಆ ಸಣ್ಣ ಅಣುಗಳು ಉಳಿಯದಂತೆ ನೋಡಿಕೊಳ್ಳುವುದು ಮೊದಲ ಕೆಲಸ.

ಸಂಶಯಿ

ಅಕ್ಷರಕ್ರಮವೊಂದೇ ಸಾಕು ಎಂಬ ವಾದದ ತುತ್ತತುದಿಯನ್ನೂ ಇಲ್ಲಿ ದಾಖಲಿಸುತ್ತೇನೆ. ಬ್ರಿಟನ್ನಿನ ಸರ್ಕಾಸಿಯಾ ಕಂಪನಿಯು ಬೆಕ್ಕಿನ ಅಲರ್ಜಿಗೆ ಇಡೀ ಪ್ರೋಟೀನನ್ನೇ ಬಿಟ್ಟು, ಟಿ ಕೋಶ ಓದುವ ಸಣ್ಣ ತುಣುಕುಗಳನ್ನು ಮಾತ್ರ ಚುಚ್ಚುವ ಮದ್ದನ್ನು ಮೂರನೇ ಹಂತದ ಪರೀಕ್ಷೆಯವರೆಗೆ ಒಯ್ದಿತು. 2016ರಲ್ಲಿ ಫಲಿತಾಂಶ ಬಂದಾಗ ಹುಸಿಮದ್ದು ಪಡೆದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದರು. ಪ್ರತಿಕಾಯಗಳಿಗೆ ಗುರುತು ಸಿಗುವ ಭಾಗವನ್ನು ಪೂರ್ತಿ ತೆಗೆದುಬಿಟ್ಟರೆ ರಕ್ಷಕ ಐಜಿಜಿ ಹುಟ್ಟಲು ಆಧಾರವೇ ಇರುವುದಿಲ್ಲ ಎಂಬುದು ನನ್ನ ಓದು. ಆ ದೃಷ್ಟಿಯಿಂದ ಅಲರ್ಜಾಯ್ಡ್ ಅರ್ಧಕ್ಕೆ ನಿಂತಿರುವುದೇ ಅದರ ಬಲವಿರಬಹುದು ಎಂದು ಒಪ್ಪುತ್ತೇನೆ.

ಅಲರ್ಜಾಯ್ಡ್‌ನ ನಿಜವಾದ ಅಗತ್ಯವಿರುವುದು ಆಹಾರದ ಅಲರ್ಜಿಯಲ್ಲಿ ಎಂದು ನನಗನಿಸುತ್ತದೆ. ಕಡಲೆಕಾಯಿಯ ಮಾರ್ಪಡಿಸದ ಸಾರವನ್ನು ಚುಚ್ಚುವ ಪ್ರಯೋಗ ಡೆನ್ವರ್‌ನಲ್ಲಿ ನಡೆದು, 1992ರಲ್ಲಿ ವರದಿಯಾಯಿತು. ಹುಸಿಮದ್ದಿನ ಗುಂಪಿನಲ್ಲಿದ್ದವರೊಬ್ಬರಿಗೆ ತಯಾರಿಕೆಯ ತಪ್ಪಿನಿಂದ ಕಡಲೆಕಾಯಿ ಸಾರ ಹೋಗಿ ಅವರು ತೀರಿಕೊಂಡರು, ಪ್ರಯೋಗ ಅಲ್ಲಿಗೇ ನಿಂತಿತು. ಕಡಲೆಕಾಯಿಯ ಅತಿ ತೀವ್ರ ಪ್ರೋಟೀನುಗಳು ಗಂಧಕದ ಬಂಧಗಳಿಂದ ಬಿಗಿಯಾಗಿ ಮಡಚಿಕೊಂಡಿರುತ್ತವೆ. ಆ ಬಂಧಗಳನ್ನು ಮುರಿದು ಮತ್ತೆ ಕೂಡದಂತೆ ತುದಿಗಳನ್ನು ಮುಚ್ಚಿದ ಸಾರವನ್ನು ನೆದರ್‌ಲ್ಯಾಂಡ್ಸ್‌ನ ಎಚ್‌ಎಎಲ್ ಅಲರ್ಜಿ ಕಂಪನಿ ಮನುಷ್ಯರಲ್ಲಿ ಮೊದಲ ಹಂತದ ಪರೀಕ್ಷೆಗೆ ಒಳಪಡಿಸಿದೆ. ಅಲ್ಲಿ ಲೈಸೀನ್ ತಂತ್ರಕ್ಕಿಂತ ಇದು ಹೆಚ್ಚು ನೇರವಾದ ದಾರಿಯೆಂದು ತೋರುತ್ತದೆ.

ಹಾಸನದ ಅಧ್ಯಾಪಕ

ಎಲ್ಲರಿಗೂ ಕೃತಜ್ಞ. ಪಾಠದಲ್ಲಿ ನೀರು ಬೆರೆಸುವ ಹೋಲಿಕೆಯನ್ನು ಉಳಿಸಿಕೊಂಡು, ಅದರ ಪಕ್ಕದಲ್ಲಿ ಇಡೀ ಕೀಟದ ಸಾರದ ಕಥೆಯನ್ನೂ ಮನ್ನಾನ್ ಕೆಲಸವನ್ನೂ ಇಡುತ್ತೇನೆ. ಕೊನೆಯದಾಗಿ ವೈದ್ಯರಲ್ಲಿ ಒಂದು ವಿಚಾರಣೆ: ಅಲರ್ಜಾಯ್ಡ್ ಕೊಟ್ಟ ಮೇಲೆ ರೋಗಿಯನ್ನು ಕೂರಿಸಿಕೊಳ್ಳುವ ಅಗತ್ಯವಿದೆಯೇ?

ಕಿವಿಮೂಗುಗಂಟಲು

ಇದೆ. ಕನಿಷ್ಠ ಅರ್ಧ ಗಂಟೆ ಕಣ್ಣೆದುರಿಗೇ ಇರಬೇಕು. ಐಜಿಇ ಹಿಡಿತ ಇಳಿದಿದೆಯೇ ಹೊರತು ಸೊನ್ನೆಯಾಗಿಲ್ಲ, ಅಲರ್ಜಾಯ್ಡ್‌ನಿಂದಲೂ ತೀವ್ರ ಪ್ರತಿಕ್ರಿಯೆಗಳು ವರದಿಯಾಗಿವೆ. ತೀವ್ರ ಪ್ರತಿಕ್ರಿಯೆಗೆ ಕೊಡುವ ತುರ್ತು ಮದ್ದಾದ ಅಡ್ರಿನಲಿನ್ ಕೈಗೆಟುಕುವಲ್ಲಿರಬೇಕು, ವಯಸ್ಕರಿಗೆ 0.3ರಿಂದ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಆ ದಿನ ಉಬ್ಬಸ ಕೆರಳಿದ್ದರೆ ಅಥವಾ ಜ್ವರವಿದ್ದರೆ ಚುಚ್ಚುಮದ್ದನ್ನು ಮುಂದೂಡಬೇಕು. ರೋಗಿ ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಅವರಿಗೆ ಕೊಟ್ಟ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು.